ಬವೇರಿಯಾ ನಮ್ಮ ಕರ್ನಾಟಕದ ಪಾರ್ಟ್ನರ್ ರಾಜ್ಯ ಅಂತೆ, ಈ ಸಿಸ್ಟರ್ ಸ್ಟೇಟ್ ಒಪ್ಪಂದ ಎಲ್ಲ ಹೆಂಗಾಗತ್ತೆ, ಯಾರಿಗೆ ಏನ್ ಸಿಗತ್ತೆ?

ಎರ್ಲಾಂಗನ್ ಶಿವು ಕೇಳಿದ್ದು:

ಎಲ್ರಿಗೂ ನಮಸ್ಕಾರ. ನಾನಿರೋದು ಜರ್ಮನಿಯ ಎರ್ಲಾಂಗನ್‌ನಲ್ಲಿ, ನ್ಯೂರೆಂಬರ್ಗ್ ಪಕ್ಕ, ಬವೇರಿಯಾ ರಾಜ್ಯ. ಸ್ವಂತ ಊರು ತಿಪಟೂರು. ಇಲ್ಲಿ ನಮ್ಮ ಕನ್ನಡದವ್ರದ್ದು ಸಣ್ಣ ಗುಂಪಿದೆ, ಯುಗಾದಿ ರಾಜ್ಯೋತ್ಸವ ಅಂತ ಸೇರ್ತಿರ್ತೀವಿ. ರಾಜ್ಯೋತ್ಸವಕ್ಕೆ ಹಾಲ್ ಬುಕ್ ಮಾಡಕ್ಕೆ ಹೋದಾಗ ಅಲ್ಲಿನ ಮೇಡಂ ಒಬ್ರು ಫಾರಂ ನೋಡಿ, ಕರ್ನಾಟಕನಾ, ಅದು ನಮ್ಮ ಪಾರ್ಟ್ನರ್ ರಾಜ್ಯ ಅಲ್ವಾ ಅಂದ್ರು. ಆಮೇಲೆ ಹುಡುಕಿ ನೋಡಿದ್ರೆ ನಿಜಾನೇ, 2007ರಿಂದ ಕರ್ನಾಟಕಕ್ಕೂ ಬವೇರಿಯಾಕ್ಕೂ ಪಾರ್ಟ್ನರ್‌ಶಿಪ್ ಇದೆ, ಬೆಂಗಳೂರಲ್ಲಿ ಬವೇರಿಯಾ ಸರ್ಕಾರದ್ದೇ ಒಂದು ಆಫೀಸೂ ಇದೆ. ನಮ್ಮ ಗುಂಪಲ್ಲಿ ಕೇಳಿದ್ರೆ ಒಬ್ರಿಗೂ ಗೊತ್ತಿಲ್ಲ!

ನನ್ ಪ್ರಶ್ನೆ ಏನಂದ್ರೆ ಈ ಥರ ಒಂದು ದೇಶದ ರಾಜ್ಯ ಇನ್ನೊಂದು ದೇಶದ ರಾಜ್ಯದ ಜೊತೆ ನೇರವಾಗಿ ಒಪ್ಪಂದ ಮಾಡ್ಕೋಬೋದಾ, ವಿದೇಶಾಂಗ ಅಂದ್ರೆ ಅದು ದೆಹಲಿ ಕೆಲ್ಸ ಅಲ್ವಾ, ಯಾರು ಸಹಿ ಹಾಕ್ತಾರೆ, ಮುರಿದ್ರೆ ಏನಾಗತ್ತೆ? ಎರಡನೇದು, ನಮ್ಮಂಥ ಸಾಮಾನ್ಯ ಜನಕ್ಕೆ ಇದ್ರಿಂದ ಏನಾದ್ರೂ ಉಪಯೋಗ ಇದ್ಯಾ? ನನ್ ತಂಗಿ ಮಗ ಮ್ಯೂನಿಕ್ ಟೆಕ್ನಿಕಲ್ ಯೂನಿವರ್ಸಿಟಿಗೆ ಹಾಕ್ಬೇಕು ಅಂತಿದಾನೆ, ಅಲ್ಲಿ 2024ರ ಚಳಿಗಾಲದ ಸೆಮಿಸ್ಟರಿಂದ ಯುರೋಪಿಯನ್ ಯೂನಿಯನ್ ಆಚೆಯವ್ರಿಗೆ ಸೆಮಿಸ್ಟರ್‌ಗೆ 2000ದಿಂದ 6000 ಯೂರೋ ಫೀಸು ಶುರು ಮಾಡಿದಾರೆ, ಪಾರ್ಟ್ನರ್ ರಾಜ್ಯ ಅಂತ ಏನಾದ್ರೂ ಕನ್ಸೆಷನ್ ಉಂಟಾ?

ಇನ್ನೊಂದು. ಎರ್ಲಾಂಗನ್ ಊರಿಗೆ ಫ್ರಾನ್ಸಿನ ರೆನ್, ರಷ್ಯಾದ ವ್ಲಾದಿಮಿರ್, ಪೂರ್ವ ಜರ್ಮನಿ ಕಡೆಯ ಯೇನಾ ಹಿಂಗೆ ಸುಮಾರು ಜೊತೆ ಊರುಗಳಿವೆ. ಅದನ್ನ ನೋಡಿ ನಮ್ಮ ಗುಂಪಲ್ಲಿ ಕೆಲವ್ರು, ತುಮಕೂರು ಜಿಲ್ಲೆಗೂ ಇಲ್ಲಿನ ಜಿಲ್ಲೆಗೂ ಹಿಂಗೇ ಒಂದು ಗಂಟು ಹಾಕಿಸೋಣ ಅಂತ ಹೊರಟಿದಾರೆ. ಇದು ಆಗೋ ಹೋಗೋ ಮಾತಾ? ತಿಳ್ದವ್ರು ಹೇಳಿ.

ಹುಬ್ಳಿ ಗಿರ್ಮಿಟ್:

ಶಿವು ಅವರ, ಇದೆಲ್ಲಾ ಫೋಟೋ ಹೊಡಸ್ಕೊಳ್ಳೋ ಕಾರ್ಯಕ್ರಮ ಐತ್ರಿ. ಮಂತ್ರಿಗಳು ಹೋಗ್ತಾರ, ಸಹಿ ಮಾಡ್ತಾರ, ಮೈಸೂರು ಪೇಟಾ ಹಾಕಿ ಶಾಲು ಹೊದಿಸ್ತಾರ, ವಾಪಸ್ ಬರ್ತಾರ, ಮುಗೀತು. 2015ರ ಮೇ ತಿಂಗಳದಾಗ ಪ್ರಧಾನಿ ಚೀನಾಕ್ಕ ಹೋದಾಗ ನಮ್ಮ ಕರ್ನಾಟಕಕ್ಕೂ ಅಲ್ಲಿನ ಸಿಚುವಾನ್ ಪ್ರಾಂತಕ್ಕೂ ಸಿಸ್ಟರ್ ಸ್ಟೇಟ್ ಅಂತ ಸಹಿ ಆಗೇತಿ, ಅದಕ್ಕಿಂತ ಎರಡು ವರ್ಷ ಮೊದಲ ಬೆಂಗಳೂರಿಗೂ ಸಿಚುವಾನದ ರಾಜಧಾನಿ ಚೆಂಗ್ಡುಗೂ ಸಿಸ್ಟರ್ ಸಿಟಿ ಅಂತ ಆಗಿತ್ತು. ನಿಮಗ್ಯಾರಿಗರ ಗೊತ್ತಿತ್ತೇನ್ರಿ? ಸಿಚುವಾನಿಂದ ನಮ್ಮ ಧಾರವಾಡಕ್ಕ ಏನ್ ಬಂತು, ನಮ್ಮ ಪೇಡಾ ಅಲ್ಲಿಗೆ ಹೋತೇನು? 2020ರಾಗ ಗಲ್ವಾನ್ ಗಲಾಟಿ ಆದಮ್ಯಾಲೆ ಅದರ ಹೆಸರ ಎತ್ತೋದೂ ಕಷ್ಟ.

ಜಿಲ್ಲಾ ಮಟ್ಟದ್ದಂತೂ ಬಿಡ್ರಿ. ಜಿಲ್ಲಾ ಪಂಚಾಯ್ತಿಗೆ 2021ರಾಗ ಅವಧಿ ಮುಗದು ವರ್ಷಗಟ್ಲೆ ಎಲೆಕ್ಷನ್ನ ಆಗಲಿಲ್ಲ. ಸಹಿ ಮಾಡವ್ರು ಯಾರ್ರಿ, ಆಡಳಿತಾಧಿಕಾರಿನ?

ಕಡತ ಕಟ್ಟು ರಿಟೈರ್ಡ್:

ಗಿರ್ಮಿಟ್ ಅವರ ಸಿಟ್ಟಿನಲ್ಲಿ ಅರ್ಧ ನಿಜ ಇದೆ. ನಾನು ವಿಧಾನಸೌಧದಲ್ಲೂ ಎಂ.ಎಸ್. ಬಿಲ್ಡಿಂಗಲ್ಲೂ ಇಂಥ ಕಡತಗಳನ್ನ ಓಡಾಡಿಸಿದವನು, ಹಾಗಾಗಿ ಶಿವು ಅವರ ಮೊದಲನೇ ಪ್ರಶ್ನೆಗೆ ನಾನು ಹೇಳಬಹುದು.

ನಮ್ಮ ಸಂವಿಧಾನದ ಏಳನೇ ಅನುಸೂಚಿ ತೆಗೆದು ನೋಡಿ, ಕೇಂದ್ರ ಪಟ್ಟಿಯ 10ನೇ ನಮೂದು ವಿದೇಶಾಂಗ ವ್ಯವಹಾರ, 14ನೇ ನಮೂದು ಹೊರದೇಶಗಳ ಜೊತೆ ಒಪ್ಪಂದ ಮಾಡಿಕೊಳ್ಳೋದು. ಎರಡೂ ಕೇಂದ್ರದ್ದೇ. ಹಂಗಾದ್ರೆ ರಾಜ್ಯ ಏನು ಸಹಿ ಹಾಕತ್ತೆ ಅಂದ್ರೆ ಅದು ಟ್ರೀಟಿ ಅಲ್ಲ, ಸುಮ್ನೆ ಒಂದು ಎಂಒಯು, ಅಂದ್ರೆ ಪರಸ್ಪರ ತಿಳುವಳಿಕೆ ಪತ್ರ, ಕೋರ್ಟಿಗೆ ಹೋಗೋಕೆ ಬರೋದಿಲ್ಲ. ಅದಕ್ಕೇ ಅಂಥ ಪತ್ರದಲ್ಲಿ ಒಂದೇ ರಾಗ ಇರತ್ತೆ, ಎರಡೂ ಕಡೆಯವರು ತಮ್ಮ ತಮ್ಮ ದೇಶದ ಕಾನೂನಿಗೆ ಒಳಪಟ್ಟು ನಡೀತಾರೆ, ಖರ್ಚು ಅವರವರದ್ದು, ಬೇಡ ಅನ್ಸಿದ್ರೆ ಇಷ್ಟು ತಿಂಗಳ ನೋಟಿಸ್ ಕೊಟ್ಟು ಬಿಟ್ಟುಬಿಡಬಹುದು. ಶಿವು ಕೇಳಿದ್ರಲ್ಲ, ಮುರಿದ್ರೆ ಏನಾಗತ್ತೆ ಅಂತ, ಏನೂ ಆಗಲ್ಲ. ಮುರಿಯೋ ಕಷ್ಟಾನೂ ಯಾರೂ ತಗೊಳ್ಳಲ್ಲ, ಅದು ಅದರ ಪಾಡಿಗೆ ಮಲಗಿರತ್ತೆ.

ಶುರುವಾಗೋದು ಸಾಮಾನ್ಯವಾಗಿ ಹೀಗೆ. ಬೆಂಗಳೂರಲ್ಲಿರೋ ಕಾನ್ಸುಲ್ ಜನರಲ್, ಅಂದ್ರೆ ಹೊರದೇಶದ ಪ್ರತಿನಿಧಿ, ಯಾರೋ ಬಂದು ಮುಖ್ಯಮಂತ್ರಿಗಳನ್ನ ಭೇಟಿ ಆಗ್ತಾರೆ, ಇಲ್ಲಾ ಮುಖ್ಯಮಂತ್ರಿಗಳ ಫಾರಿನ್ ಟೂರ್ ಇರತ್ತೆ, ಟೂರ್ ಅಂದ್ಮೇಲೆ ಕೈಯಲ್ಲಿ ಏನಾದ್ರೂ ಇರ್ಬೇಕಲ್ಲ, ಆಗ ಒಂದು ಎಂಒಯು ಹುಡುಕ್ತಾರೆ. ಕೈಗಾರಿಕೆ ಇಲಾಖೆನೋ ಐಟಿ ಬಿಟಿನೋ ಡ್ರಾಫ್ಟ್ ತಯಾರು ಮಾಡತ್ತೆ, ಕಾನೂನು ಇಲಾಖೆ ನೋಡತ್ತೆ, ದುಡ್ಡಿನ ಮಾತಿದ್ರೆ ಆರ್ಥಿಕ ಇಲಾಖೆ ಸಹಮತಿ ಬೇಕು, ದೊಡ್ಡದಾದ್ರೆ ಸಚಿವ ಸಂಪುಟಕ್ಕೆ ಹೋಗತ್ತೆ. ಇದ್ರ ಜೊತೆಜೊತೆಗೇ ಡ್ರಾಫ್ಟ್ ದೆಹಲಿಗೆ, ವಿದೇಶಾಂಗ ಸಚಿವಾಲಯಕ್ಕೆ ಹೋಗ್ಬೇಕು. ಅಲ್ಲಿ ಆ ದೇಶ ನೋಡಿಕೊಳ್ಳೋ ಡಿವಿಷನ್ ಒಂದು, ರಾಜ್ಯಗಳಿಗೆ ಅಂತಲೇ 2014ರಲ್ಲಿ ಮಾಡಿದ ಸ್ಟೇಟ್ಸ್ ಡಿವಿಷನ್ ಒಂದು. ಅವರು ಆ ದೇಶದಲ್ಲಿರೋ ನಮ್ಮ ರಾಯಭಾರ ಕಚೇರಿ ಅಭಿಪ್ರಾಯ ಕೇಳ್ತಾರೆ. ಅಲ್ಲಿಂದ ಓಕೆ ಬರೋ ತನಕ ಪೆನ್ನು ಮುಟ್ಟೋ ಹಾಗಿಲ್ಲ. ಮಂತ್ರಿಗಳು ಹೋಗೋದಕ್ಕೂ ಪೊಲಿಟಿಕಲ್ ಕ್ಲಿಯರೆನ್ಸ್, ಅಂದ್ರೆ ವಿದೇಶಾಂಗ ಸಚಿವಾಲಯದ ಅನುಮತಿ, ಬೇಕು, 2025ರ ಜೂನ್‌ನಲ್ಲಿ ನಮ್ಮ ಐಟಿ ಬಿಟಿ ಮಂತ್ರಿಗಳ ಅಮೆರಿಕ ಪ್ರವಾಸಕ್ಕೆ ಮೊದಲು ಅದು ಸಿಗದೆ ದೊಡ್ಡ ಸುದ್ದಿ ಆಯ್ತಲ್ಲ. 2024ರ ಜುಲೈನಲ್ಲಿ ಕೇರಳ ಸರ್ಕಾರ ಒಬ್ಬ ಐಎಎಸ್ ಅಧಿಕಾರಿಗೆ ಬಾಹ್ಯ ಸಹಕಾರ ಅಂತ ಜವಾಬ್ದಾರಿ ವಹಿಸಿದ್ದಕ್ಕೇ ವಿದೇಶಾಂಗ ಸಚಿವಾಲಯ, ರಾಜ್ಯಗಳು ತಮ್ಮದಲ್ಲದ ವಿಷಯಕ್ಕೆ ಕೈ ಹಾಕಬಾರದು ಅಂತ ಹೇಳಿತ್ತು. ಅಷ್ಟು ಸೂಕ್ಷ್ಮ.

ನನಗೆ ಬೇಜಾರಾಗ್ತಿದ್ದದ್ದು ಬೇರೆ. ಸಹಿ ಆದ ದಿನವೇ ಆ ಕಡತದ ಆಯುಷ್ಯ ಮುಗಿಯತ್ತೆ. ಅದನ್ನ ನೋಡಿಕೊಳ್ಳೋಕೆ ಅಂತ ಒಬ್ಬ ಗುಮಾಸ್ತನೂ ಇರಲ್ಲ, ಬಜೆಟ್‌ನಲ್ಲಿ ಒಂದು ಲೆಕ್ಕಶೀರ್ಷಿಕೆಯೂ ಇರಲ್ಲ. ಡ್ರಾಫ್ಟ್ ಮಾಡಿದ ಕಾರ್ಯದರ್ಶಿಗೆ ವರ್ಗ ಆಗಿರತ್ತೆ, ಹೊಸಬರಿಗೆ ಇಂಥದ್ದೊಂದು ಇದೆ ಅಂತಲೇ ಗೊತ್ತಿರಲ್ಲ. ಆ ಕಡೆಯಿಂದ ನಿಯೋಗ ಬಂದು ನಮ್ಮ ಒಪ್ಪಂದಕ್ಕೆ ಇಷ್ಟು ವರ್ಷ ಆಯ್ತು ಅಂದಾಗ ಇಲ್ಲಿ ಹಳೇ ಕಡತ ಹುಡುಕೋಕೆ ರೆಕಾರ್ಡ್ ರೂಮಿಗೆ ಓಡ್ತಿದ್ವಿ. ಬವೇರಿಯಾದವರು ಬೆಂಗಳೂರಲ್ಲಿ ಆಫೀಸ್ ಇಟ್ಟಿದ್ದಾರೆ, ಮ್ಯೂನಿಕ್‌ನಲ್ಲಿ ನಮ್ಮ ರಾಜ್ಯದ್ದು ಅಂತ ಅಂಥ ಒಂದು ಕುರ್ಚಿ ನಾನಿದ್ದ ಕಾಲದಲ್ಲಿ ಇರಲಿಲ್ಲ. ವ್ಯತ್ಯಾಸ ಇರೋದೇ ಅಲ್ಲಿ.

ಮ್ಯೂನಿಕ್ ಮಲ್ನಾಡು:

ರಿಟೈರ್ಡ್ ಸರ್ ಹೇಳಿದ್ದು ನಮ್ಮ ಕಡೇದು, ಈ ಕಡೇದು ನಾನು ಸ್ವಲ್ಪ ಸೇರಿಸ್ತೀನಿ (ಮ್ಯೂನಿಕ್‌ನಲ್ಲಿ ಪಬ್ಲಿಕ್ ಲಾ ಓದ್ತಿದೀನಿ, ಊರು ಕೊಪ್ಪ).

ಜರ್ಮನಿಯಲ್ಲಿ ವಿಷ್ಯ ಬೇರೆ ಥರ. ಅವ್ರ ಸಂವಿಧಾನದ 32ನೇ ವಿಧಿಯ ಮೂರನೇ ಕಲಂ ಪ್ರಕಾರ ರಾಜ್ಯಗಳಿಗೆ ಯಾವ ವಿಷಯದಲ್ಲಿ ಕಾನೂನು ಮಾಡೋ ಅಧಿಕಾರ ಇದ್ಯೋ ಆ ವಿಷಯದಲ್ಲಿ ಫೆಡರಲ್ ಸರ್ಕಾರದ ಒಪ್ಪಿಗೆ ತಗೊಂಡು ಹೊರದೇಶದ ಜೊತೆ ನಿಜವಾದ ಟ್ರೀಟಿನೇ ಮಾಡ್ಕೋಬೋದು. ಶಿಕ್ಷಣ, ಸಂಸ್ಕೃತಿ ಎಲ್ಲ ಇಲ್ಲಿ ರಾಜ್ಯದ್ದೇ. ಬವೇರಿಯಾಕ್ಕಂತೂ ಮೊದ್ಲಿಂದ ನಾನೇ ಬೇರೆ ಅನ್ನೋ ಗತ್ತು ಜಾಸ್ತಿ, 1949ರಲ್ಲಿ ಈ ಸಂವಿಧಾನ ಬಂದಾಗ ಬವೇರಿಯಾದ ವಿಧಾನಸಭೆ ಅದಕ್ಕೆ ಬೇಡ ಅಂತಲೇ ಓಟ್ ಹಾಕಿತ್ತು ಗೊತ್ತಾ, ಆಮೇಲೆ ಬೇರೆ ರಾಜ್ಯಗಳೆಲ್ಲ ಒಪ್ಪಿದ್ಮೇಲೆ ಇವ್ರೂ ಸೇರ್ಕೊಂಡ್ರು. ಹಂಗಾಗಿ ಚೀನಾದ ಶಾನ್‌ಡಾಂಗ್ ಜೊತೆ 1987ರಿಂದ, ಕೆನಡಾದ ಕ್ವಿಬೆಕ್ ಜೊತೆ 1989ರಿಂದ ಇವ್ರ ಸಂಬಂಧ ಇದೆ, ಕರ್ನಾಟಕ ಆ ಸಾಲಲ್ಲಿ ಸುಮಾರು ತಡವಾಗಿ ಬಂದಿದ್ದು. ಪಕ್ಕದ ಬಾಡೆನ್ ವುರ್ಟೆಂಬರ್ಗ್ ರಾಜ್ಯ ಮಹಾರಾಷ್ಟ್ರ ಹಿಡ್ಕೊಂಡಿದೆ 2015ರಿಂದ, ಅದಕ್ಕೂ ಮುಂಚೆ 1968ರಿಂದಲೇ ಸ್ಟುಟ್‌ಗಾರ್ಟ್‌ಗೂ ಮುಂಬೈಗೂ ಇತ್ತು.

ಕ್ವಿಬೆಕ್‌ದು ಒಂದು ಸ್ವಾರಸ್ಯ ಹೇಳ್ಲೇಬೇಕು. 1965ರಲ್ಲಿ ಅಲ್ಲಿನ ಶಿಕ್ಷಣ ಮಂತ್ರಿ ಪಾಲ್ ಜೆರಾಂ ಲಾಜುವಾ ಅಂತ, ಹೊರದೇಶದ ಕಾನ್ಸುಲ್‌ಗಳ ಮುಂದೆ ನಿಂತ್ಕೊಂಡು, ಒಳಗೆ ಯಾವ ವಿಷಯ ನಮ್ಮದೋ ಹೊರಗೂ ಆ ವಿಷಯ ನಮ್ಮದೇ ಅನ್ನೋ ಅರ್ಥದಲ್ಲಿ ಭಾಷಣ ಮಾಡಿದ್ರು. ಇವತ್ತಿಗೂ ಕ್ವಿಬೆಕ್ ಅದನ್ನೇ ಹಿಡ್ಕೊಂಡು ನಡೀತಿದೆ, ಅವ್ರದ್ದು ಇಲ್ಲಿ ಮ್ಯೂನಿಕ್‌ನಲ್ಲೂ ಆಫೀಸಿದೆ. ನಮ್ಮಲ್ಲಿ ಯಾವ ರಾಜ್ಯನಾದ್ರೂ ಹಂಗೆ ಮಾತಾಡಿದ್ರೆ ಮಾರನೇ ದಿನ ಟಿವಿ ಸ್ಟುಡಿಯೋದಲ್ಲಿ ದೇಶದ್ರೋಹಿ ಆಗಿರ್ತಿತ್ತು ಬಿಡಿ.

ಫೀಸ್ ವಿಷ್ಯ: ಪಾರ್ಟ್ನರ್‌ಶಿಪ್ ಹೆಸ್ರು ಹೇಳಿ ಫೀಸ್ ಬಿಡಿಸ್ಕೊಳ್ಳೋ ಆಸೆ ಇಟ್ಕೋಬೇಡಿ. ಯೂನಿವರ್ಸಿಟಿದೇ ಸ್ಕಾಲರ್‌ಶಿಪ್, ಫೀಸ್ ಮಾಫಿ ಬೇರೆ ಇರತ್ತೆ, ಅದು ಎಲ್ಲಾ ದೇಶದವ್ರಿಗೂ, ಅದಕ್ಕೆ ಹಾಕ್ಲಿ. ಇನ್ನೊಂದು ದಾರಿ ಇದೆ. ಹೋಫ್ ಅಂತ ಊರಿದೆ, ಅಲ್ಲಿನ ಅಪ್ಲೈಡ್ ಸೈನ್ಸ್ ಯೂನಿವರ್ಸಿಟಿಯಲ್ಲಿ ಬವೇರಿಯನ್ ಇಂಡಿಯನ್ ಸೆಂಟರ್ ಇದೆ, ಬೈಇಂಡ್ ಅಂತಾರೆ. ಬವೇರಿಯಾದ ಕಾಲೇಜುಗಳಿಗೂ ಭಾರತದ ಕಾಲೇಜುಗಳಿಗೂ ಕೊಂಡಿ ಹಾಕೋದೇ ಅದ್ರ ಕೆಲ್ಸ. ಹುಡುಗ ಈಗ ಓದ್ತಿರೋ ಕಾಲೇಜಿಗೂ ಇಲ್ಲಿನ ಯಾವ್ದಾದ್ರೂ ಕಾಲೇಜಿಗೂ ಎಕ್ಸ್‌ಚೇಂಜ್ ಇದ್ರೆ ಒಂದು ಸೆಮಿಸ್ಟರ್ ಬಂದು ಹೋಗ್ಬೋದು, ಪೂರ್ತಿ ಡಿಗ್ರಿಗಿಂತ ಖರ್ಚು ಎಷ್ಟೋ ಕಮ್ಮಿ. ಅಲ್ಲಿ ವಿಚಾರಿಸಕ್ಕೆ ಹೇಳಿ.

ಎರ್ಲಾಂಗನ್ ಶಿವು:

ಮಲ್ನಾಡು ಮೇಡಂ ತುಂಬಾ ಥ್ಯಾಂಕ್ಸ್, ಹೋಫ್ ವಿಷ್ಯ ಗೊತ್ತೇ ಇರ್ಲಿಲ್ಲ, ನಮ್ಗೆ ಇಲ್ಲಿಂದ ಟ್ರೈನಲ್ಲಿ ಹೋಗ್ಬರೋ ದೂರ. ರಿಟೈರ್ಡ್ ಸರ್, ನೀವು ಹೇಳಿದ್ದು ಓದಿ ನಗೂನೂ ಬಂತು ಬೇಜಾರೂ ಆಯ್ತು. ಹಾಗಾದ್ರೆ ಎಲ್ಲೂ ಇದು ಸರಿಯಾಗಿ ನಡೆದೇ ಇಲ್ವಾ? ಒಂದಾದ್ರೂ ಉದಾಹರಣೆ ಕೊಡಿ, ನಮ್ಮ ಗುಂಪಿನವ್ರಿಗೆ ತೋರಿಸ್ಬೇಕು, ಇಲ್ಲಾಂದ್ರೆ ಗಿರ್ಮಿಟ್ ಅಣ್ಣನ ಮಾತೇ ಗೆಲ್ಲತ್ತೆ.

ಕುಡ್ಲದ ಬಂಗುಡೆ:

ಉಂಟು ಮಾರಾಯ್ರೆ, ಯಾಕೆ ಇಲ್ಲ. ನಾನು ಇರುವುದು ಅಮೆರಿಕದ ಅಯೋವಾದಲ್ಲಿ, ಡೆ ಮೊಯ್ನ್ ಹೇಳಿ ರಾಜಧಾನಿ. ಇಲ್ಲಿ ಕ್ಯಾಪಿಟಲ್ ಕಟ್ಟಡದ ಅಂಗಳದಲ್ಲಿ ಜಪಾನ್ ದೇವಸ್ಥಾನದ ಹಾಗೆ ಒಂದು ಮಂಟಪ, ಅದರಲ್ಲಿ ದೊಡ್ಡ ಗಂಟೆ. ಸುತ್ತ ನೋಡಿದರೆ ಜೋಳದ ಹೊಲ, ಇಲ್ಲಿ ಈ ಗಂಟೆ ಎಲ್ಲಿಂದ ಬಂತು ಹೇಳಿ ಕೇಳಿದಾಗ ಗೊತ್ತಾದ ಕಥೆ ಇದು.

1959ರಲ್ಲಿ ಜಪಾನಿಗೆ ಒಂದರ ಹಿಂದೆ ಒಂದು ಭಯಂಕರ ಚಂಡಮಾರುತ ಬಂತು, ಯಮನಾಶಿ ಹೇಳುವ ಪ್ರಾಂತ ಪೂರ್ತಿ ಹಾಳಾಯ್ತು, ಕೃಷಿ ಎಲ್ಲ ಹೋಯ್ತು. ಅಯೋವಾದ ರಿಚರ್ಡ್ ಥಾಮಸ್ ಎನ್ನುವವ ಅಮೆರಿಕದ ಏರ್‌ಫೋರ್ಸಿನಲ್ಲಿ ಸಾರ್ಜೆಂಟ್, ಮೊದಲು ಜಪಾನಿನಲ್ಲಿ ಡ್ಯೂಟಿ ಮಾಡಿದ್ದ, ಅಲ್ಲಿಯ ಜನ ಅವನಿಗೆ ಗೊತ್ತು. ಅವನಿಗೆ ತಲೆಗೆ ಹೋದದ್ದು ಎಂತ ಅಂದರೆ ದುಡ್ಡು ಕಳಿಸಿದರೆ ಖರ್ಚಾಗಿ ಹೋಗ್ತದೆ, ನಮ್ಮಲ್ಲಿ ಎಂತ ಉಂಟು, ಹಂದಿ ಉಂಟು, ಹಂದಿಯನ್ನೇ ಕಳಿಸುವ! 1960ರ ಜನವರಿಯಲ್ಲಿ 35 ಚಿಲ್ಲರೆ ತಳಿ ಹಂದಿಗಳನ್ನು ಏರ್‌ಫೋರ್ಸ್ ವಿಮಾನದಲ್ಲಿ ಹಾಕಿ ಜಪಾನಿಗೆ ಕಳಿಸಿದರು ಮಾರಾಯ್ರೆ. ಆಮೇಲೆ ಅವುಗಳ ಹೊಟ್ಟೆಗೆ ಹಡಗಿನಲ್ಲಿ ಮೆಕ್ಕೆಜೋಳ. ಆ ಹಂದಿಗಳನ್ನು ಅಲ್ಲಿಯವರು ಕೊಂದು ತಿನ್ನಲಿಲ್ಲ, ಮರಿ ಮಾಡಿಸಿದರು, ಮೂರು ವರ್ಷದಲ್ಲಿ ನೂರುಗಟ್ಟಲೆ ಆಯ್ತು, ಆ ಮರಿಗಳು ಬೇರೆ ಬೇರೆ ಪ್ರಾಂತಗಳಿಗೂ ಹೋದವು. ಅದೇ 1960ರಲ್ಲಿ ಅಯೋವಾ ಮತ್ತು ಯಮನಾಶಿ ಸಿಸ್ಟರ್ ಸ್ಟೇಟ್ ಆದವು, ಅಮೆರಿಕ ಜಪಾನ್ ನಡುವೆ ರಾಜ್ಯ ಮಟ್ಟದಲ್ಲಿ ಅದೇ ಮೊದಲನೆಯದ್ದು. ಗಂಟೆ 1962ರಲ್ಲಿ ಯಮನಾಶಿಯವರು ಕಳಿಸಿದ್ದು. 1993ರಲ್ಲಿ ಇಲ್ಲಿ ಜೋರು ನೆರೆ ಬಂದಾಗ ಯಮನಾಶಿಯವರು ಲಕ್ಷಗಟ್ಟಲೆ ಡಾಲರ್ ಒಟ್ಟು ಮಾಡಿ ಕಳಿಸಿದರು, ಮೂವತ್ತು ವರ್ಷದ ಮೇಲೆ ಹಂದಿ ನೆನಪಿಟ್ಟುಕೊಂಡು!

ಯುದ್ಧದಲ್ಲಿ ಒಬ್ಬರ ಮೇಲೆ ಒಬ್ಬರು ಬಾಂಬು ಹಾಕಿ ಹದಿನೈದು ವರ್ಷ ಆಗಿರಲಿಲ್ಲ ಆಗ, ಅದನ್ನು ಯೋಚಿಸಿ. ಇನ್ನೊಂದು ಗಮನಿಸಿ, ಡೆ ಮೊಯ್ನಿಗೂ ಯಮನಾಶಿಯ ರಾಜಧಾನಿ ಕೊಫುಗೂ 1958ರಲ್ಲೇ ಸಿಸ್ಟರ್ ಸಿಟಿ ಆಗಿತ್ತು. ಅಂದರೆ ಪರಿಚಯ ಮೊದಲು, ಊರು ಊರಿನ ಸಂಬಂಧ ಆಮೇಲೆ, ರಾಜ್ಯದ್ದು ಕೊನೆಗೆ. ನಮ್ಮಲ್ಲಿ ಉಲ್ಟಾ, ಮೊದಲು ಮುಖ್ಯಮಂತ್ರಿ ಸಹಿ, ಪರಿಚಯ ಯಾವಾಗ ಹೇಳಿ ದೇವರಿಗೇ ಗೊತ್ತು.

ಇಲ್ಲಿ ಇದನ್ನು ನಡೆಸುವುದು ಸರ್ಕಾರದ ಇಲಾಖೆ ಅಲ್ಲ, ಅಯೋವಾ ಸಿಸ್ಟರ್ ಸ್ಟೇಟ್ಸ್ ಹೇಳಿ ಲಾಭದ ಉದ್ದೇಶ ಇಲ್ಲದ ಒಂದು ಸಂಸ್ಥೆ, 1985ರಿಂದ ಉಂಟು. ಗವರ್ನರ್ (ನಮ್ಮ ಮುಖ್ಯಮಂತ್ರಿಯ ಹಾಗೆ ಇಲ್ಲಿ) ಬದಲಾದರೂ ಅದು ಬದಲಾಗುವುದಿಲ್ಲ. ಚೀನಾದ ಹೆಬೈ ಪ್ರಾಂತದ ಜೊತೆ 1983ರಲ್ಲಿ ಆಯ್ತು, 1985ರಲ್ಲಿ ಹೆಬೈಯಿಂದ ಪಶು ಆಹಾರ ನೋಡ್ಲಿಕ್ಕೆ ಹೇಳಿ ಒಂದು ಸಣ್ಣ ನಿಯೋಗ ಬಂತು, ಮಸ್ಕಟೀನ್ ಹೇಳುವ ಸಣ್ಣ ಊರಿನಲ್ಲಿ ಜನರ ಮನೆಯಲ್ಲಿ ಉಳಕೊಂಡರು. ಆ ನಿಯೋಗದಲ್ಲಿ ಇದ್ದ ಒಬ್ಬ ಕೌಂಟಿ ಮಟ್ಟದ ಆಫೀಸರ್ ಯಾರು ಹೇಳಿ, ಷಿ ಜಿನ್‌ಪಿಂಗ್! 2012ರಲ್ಲಿ ಚೀನಾದ ಉಪಾಧ್ಯಕ್ಷ ಆಗಿ ಬಂದವ ಪುನಃ ಮಸ್ಕಟೀನಿಗೆ ಹೋಗಿ ಆ ಹಳೇ ಪರಿಚಯದವರ ಜೊತೆ ಚಾ ಕುಡಿದು ಬಂದ. 1983ರಲ್ಲಿ ಸಹಿ ಹಾಕಿದ ಗವರ್ನರ್ ಟೆರಿ ಬ್ರಾನ್‌ಸ್ಟ್ಯಾಡ್ ಆಮೇಲೆ ಚೀನಾಕ್ಕೆ ಅಮೆರಿಕದ ರಾಯಭಾರಿ ಆಗಿ ಹೋದ. ಇಲ್ಲಿಯ ಸೋಯಾಬೀನ್ ಬೆಳೆಯುವವರಿಗೆ ಚೀನಾ ದೊಡ್ಡ ಗಿರಾಕಿ, ಹಾಗಾಗಿ ಈ ಪರಿಚಯಕ್ಕೆ ಬೆಲೆ ಎಷ್ಟು ಹೇಳಿ ನೀವೇ ಲೆಕ್ಕ ಹಾಕಿ.

ಹುಬ್ಳಿ ಗಿರ್ಮಿಟ್:

ಹಂದಿ ಕಥಿ ಭಾರಿ ಐತ್ರಿ ಬಂಗುಡೆಯವರ, ಒಪ್ಪಿದೆ. ಆದ್ರ ಅದು ಒಬ್ಬ ಮನಷ್ಯಾನ ಕಥಿ, ಸರ್ಕಾರದ್ದಲ್ಲ. ಆ ಸಾರ್ಜೆಂಟ್ ಇಲ್ಲದಿದ್ರ ಏನೂ ಆಗ್ತಿರ್ಲಿಲ್ಲ. ಮತ್ತ ಟ್ರೇಡ್ ವಾರ್ ನಡದಾಗ ಚೀನಾದವ್ರು ಅಮೆರಿಕದ ಸೋಯಾಬೀನ್ ಮ್ಯಾಲೆ ಟ್ಯಾಕ್ಸ್ ಹಾಕಿದ್ರಲ್ಲ 2018ರಾಗ, ಆವಾಗ ಮಸ್ಕಟೀನ್ ಚಾ ನೆನಪ ಆಗಲಿಲ್ಲೇನು? ದೇಶ ದೇಶ ಜಗಳ ಬಿದ್ದಾಗ ಇಂಥಾ ಸಂಬಂಧ ಒಂದು ಪೈಸೆ ಕೆಲಸಕ್ಕ ಬರೂದಿಲ್ಲ, ಇದು ನನ್ನ ವಾದ.

ಕುಡ್ಲದ ಬಂಗುಡೆ:

ಅದು ಹೌದು. ಸೋಯಾಬೀನ್ ಸುಂಕ ನಿಲ್ಲಿಸ್ಲಿಕ್ಕೆ ಆಗಲಿಲ್ಲ. ರಷ್ಯಾದ ಸ್ಟಾವ್ರಪೋಲ್ ಜೊತೆಗೂ ಅಯೋವಾದ್ದು ಇತ್ತು, 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಗವರ್ನರ್ ಅದನ್ನು ನಿಲ್ಲಿಸಿದರು, ಉಕ್ರೇನಿನ ಚೆರ್ಕಾಸಿ ಜೊತೆಗಿನದ್ದು ಮುಂದುವರಿದಿದೆ. ಒಂದೇ ರಾಜ್ಯಕ್ಕೆ ಎರಡೂ ಕಡೆ ಸಂಬಂಧ ಇತ್ತು ನೋಡಿ. ಆದರೆ ಒಬ್ಬ ಮನುಷ್ಯನದ್ದು, ಸರ್ಕಾರದ್ದಲ್ಲ ಎಂದಿರಲ್ಲ, ಆ ಒಬ್ಬ ಹೇಳಿದ ಮಾತು ಕೇಳಿ ವಿಮಾನ ಕೊಟ್ಟದ್ದು ಸರ್ಕಾರವೇ ಅಲ್ವಾ. ನಮ್ಮಲ್ಲಿ ಆ ಸಾರ್ಜೆಂಟ್ ಹೋಗಿ ಕೇಳಿದರೆ ಟಪಾಲು ಸೆಕ್ಷನ್ನಲ್ಲಿ ಅರ್ಜಿ ಕೊಟ್ಟು ಹೋಗಿ ಹೇಳ್ತಿದ್ದರು.

ಮೆಲ್ಬರ್ನ್ ಮಂಡ್ಯ:

ಗಿರ್ಮಿಟ್ ಅಣ್ಣ ಹೇಳಿದ್ದಕ್ಕೆ ನಮ್ಮ ಆಸ್ಟ್ರೇಲಿಯಾದ್ದು ಪರ್ಫೆಕ್ಟ್ ಉದಾಹರಣೆ, ಆದ್ರೆ ಅದು ಎರಡೂ ಕಡೆಗೆ ಕೆಲ್ಸ ಮಾಡುತ್ತೆ ನೋಡಿ. ಇಲ್ಲಿ ವಿಕ್ಟೋರಿಯಾ ರಾಜ್ಯದವ್ರು 2018ರಲ್ಲಿ ಚೀನಾ ಜೊತೆ ಬೆಲ್ಟ್ ಅಂಡ್ ರೋಡ್‌ಗೆ, ಅಂದ್ರೆ ಹೊರದೇಶಗಳಲ್ಲಿ ರಸ್ತೆ ಬಂದರು ಕಟ್ಟೋ ಚೀನಾದ ಯೋಜನೆಗೆ, ಎಂಒಯು ಹಾಕ್ಬುಟ್ರು, 2019ರಲ್ಲಿ ಅದ್ರ ಮೇಲೊಂದು ಫ್ರೇಮ್‌ವರ್ಕ್ ಒಪ್ಪಂದ. ಕ್ಯಾನ್‌ಬೆರಾದವ್ರಿಗೆ, ಅಂದ್ರೆ ಇಲ್ಲಿನ ಕೇಂದ್ರ ಸರ್ಕಾರಕ್ಕೆ, ಉರಿದೋಯ್ತು. 2020ರಲ್ಲಿ ಒಂದು ಕಾನೂನನ್ನೇ ತಂದ್ರು, ರಾಜ್ಯಗಳು ಯೂನಿವರ್ಸಿಟಿಗಳು ಕೌನ್ಸಿಲ್‌ಗಳು ಹೊರದೇಶದ ಸರ್ಕಾರಗಳ ಜೊತೆ ಏನೇ ಮಾಡ್ಕೊಂಡಿದ್ರೂ ನಮ್ಗೆ ತಿಳಿಸ್ಬೇಕು, ಬೇಡ ಅನ್ನಿಸಿದ್ರೆ ನಾವು ಕ್ಯಾನ್ಸಲ್ ಮಾಡ್ತೀವಿ ಅಂತ. 2021ರ ಏಪ್ರಿಲ್‌ನಲ್ಲಿ ವಿದೇಶಾಂಗ ಮಂತ್ರಿ ಮರೀಸ್ ಪೇನ್ ನಾಲ್ಕು ಕ್ಯಾನ್ಸಲ್ ಮಾಡಿದ್ರು, ಬೆಲ್ಟ್ ಅಂಡ್ ರೋಡ್‌ದು ಎರಡು, ಇನ್ನೆರಡು ಇರಾನ್ ಮತ್ತೆ ಸಿರಿಯಾ ಜೊತೆಗಿನ ಹಳೇವು, ಅವು ಇನ್ನೂ ಇದ್ದಾವೆ ಅಂತ ಎಷ್ಟು ಜನಕ್ಕೆ ಗೊತ್ತಿತ್ತೋ!

ಆದ್ರೆ ಅದೇ ವಿಕ್ಟೋರಿಯಾಕ್ಕೂ ಚೀನಾದ ಜಿಯಾಂಗ್ಸುಗೂ 1979ರಿಂದ ಸಿಸ್ಟರ್ ಸ್ಟೇಟ್ ಇದೆ, ಅದನ್ನ ಯಾರೂ ಮುಟ್ಲಿಲ್ಲ. ಯಾಕಂತೀರಾ, ಬೆಲ್ಟ್ ಅಂಡ್ ರೋಡ್ ಮೇಲ್ಗಡೆಯಿಂದ ಮಾಡಿದ್ದು, ಜಿಯಾಂಗ್ಸುದ್ರಲ್ಲಿ ಯೂನಿವರ್ಸಿಟಿ ಇದೆ, ಸ್ಕೂಲ್‌ಗಳಿದಾವೆ, ಅದಕ್ಕೆ ಸಹಿ ಹಾಕಿದ ಪ್ರೀಮಿಯರ್ (ಇಲ್ಲಿನ ಮುಖ್ಯಮಂತ್ರಿ) ರೂಪರ್ಟ್ ಹೇಮರ್ ಹೆಸ್ರಲ್ಲಿ ಸ್ಕಾಲರ್‌ಶಿಪ್ ಕೊಟ್ಟು ಇಲ್ಲಿನ ಹುಡುಗ್ರನ್ನ ಅಲ್ಲಿಗೆ ಚೈನೀಸ್ ಕಲಿಯಕ್ಕೆ ಕಳ್ಸಿದಾರೆ. ಹಂಗೆ ಹೋಗಿ ಬಂದೋರು ಇವತ್ತು ಕಂಪನಿಗಳಲ್ಲಿ ಸರ್ಕಾರದಲ್ಲಿ ಎಲ್ಲಾ ಕಡೆ ಇದಾರೆ, ಕ್ಯಾನ್ಸಲ್ ಮಾಡಕ್ಕೆ ಹೋದ್ರೆ ನೂರು ಜನ ಕೇಳ್ತಾರೆ. ಬೇರು ಬಿಟ್ಟ ಹಲಸಿನ ಮರ ಕೀಳೋದು ಅಷ್ಟು ಸುಲಭ ಅಲ್ಲ. ವಿಕ್ಟೋರಿಯಾ ಸರ್ಕಾರದ ಟ್ರೇಡ್ ಆಫೀಸ್ ನಮ್ಮ ಬೆಂಗಳೂರಲ್ಲೂ ಇದೆ, ಇವ್ರು ಜನಾನ ಕೂರಿಸಿ ಕೆಲ್ಸ ಮಾಡ್ತಾರೆ, ರಿಟೈರ್ಡ್ ಸರ್ ಹೇಳಿದ್ದು ನೂರಕ್ಕೆ ನೂರು ಸತ್ಯ.

ಇನ್ನು ಬೆಂಗಳೂರಿನ ಸಿಸ್ಟರ್ ಸಿಟಿ ಕಥೆ ಕೇಳಿ. ಮಿನ್ಸ್ಕ್ ಜೊತೆ 1973ರಲ್ಲಿ ಆಗಿದ್ದು, ಕಬ್ಬನ್ ಪಾರ್ಕ್ ಪಕ್ಕದ ಮಿನ್ಸ್ಕ್ ಸ್ಕ್ವೇರ್ ಅದ್ರದ್ದೇ ಗುರುತು, ಆ ಕಡೆ ಬೆಲಾರೂಸ್‌ನ ಮಿನ್ಸ್ಕ್ ಊರಲ್ಲಿ ಬೆಂಗಳೂರು ಸ್ಕ್ವೇರ್ ಅಂತ ಇದೆ, ಅಲ್ಲಿನ ವಿರೋಧ ಪಕ್ಷದವ್ರು ಪ್ರತಿಭಟನೆ ಮಾಡ್ತಿದ್ದ ಜಾಗ ಅದು! ಕ್ಲೀವ್‌ಲ್ಯಾಂಡ್, ಸ್ಯಾನ್ ಫ್ರಾನ್ಸಿಸ್ಕೋ, ಚೆಂಗ್ಡು ಎಲ್ಲಾ ಲಿಸ್ಟಲ್ಲಿದಾವೆ. ಈ ಸಿಸ್ಟರ್ ಸಿಟಿ ಪದ್ಧತಿನಲ್ಲಿ ಕಾಗದ ಬರೆಯೋದು ಮೇಯರ್‌ಗೆ. 2020ರ ಸೆಪ್ಟೆಂಬರಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದ್ಮೇಲೆ ವರ್ಷಾನುಗಟ್ಲೆ ಬೆಂಗಳೂರಿಗೆ ಮೇಯರೇ ಇರ್ಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಮೇಯರ್ ಕಾಗದ ಬರೆದಿದ್ರೆ ಉತ್ತರ ಯಾರು ಬರೀಬೇಕಿತ್ತು?

ಮ್ಯೂನಿಕ್ ಮಲ್ನಾಡು:

ಮಿನ್ಸ್ಕ್‌ನಲ್ಲಿ ಬೆಂಗಳೂರು ಸ್ಕ್ವೇರ್! ಇದು ಗೊತ್ತಿರ್ಲಿಲ್ಲ.

ಜಪಾನಿನವ್ರು ಇದಕ್ಕೆ ಒಂದು ಅಳತೆ ಇಟ್ಕೊಂಡಿದಾರೆ, ಅದು ನಂಗೆ ಇಷ್ಟ. ಅಲ್ಲಿ ಸ್ಥಳೀಯ ಸರ್ಕಾರಗಳ ಅಂತರರಾಷ್ಟ್ರೀಯ ಕೆಲ್ಸಕ್ಕೆ ಅಂತ ಕ್ಲೇರ್ ಅನ್ನೋ ಸಂಸ್ಥೆ ಇದೆ, ಅವ್ರು ಸಿಸ್ಟರ್ ಸಂಬಂಧ ಅಂತ ಲೆಕ್ಕಕ್ಕೆ ತಗೊಳ್ಬೇಕು ಅಂದ್ರೆ ಮೂರು ವಿಷ್ಯ ನೋಡ್ತಾರೆ. ಎರಡೂ ಕಡೆ ಮುಖ್ಯಸ್ಥರ ಸಹಿ ಇರ್ಬೇಕು, ಒಂದೇ ಕ್ಷೇತ್ರಕ್ಕೆ ಸೀಮಿತ ಆಗಿರ್ಬಾರ್ದು, ಮತ್ತೆ ಅಲ್ಲಿನ ಚುನಾಯಿತ ಸಭೆ ಬಜೆಟ್ ಅಥವಾ ಬೇರೆ ರೀತೀಲಿ ಅದಕ್ಕೆ ಒಪ್ಪಿಗೆ ಕೊಟ್ಟಿರ್ಬೇಕು. ಮೂರನೇದೇ ಅಸಲಿ. ನಮ್ಮ ವಿಧಾನಸಭೆಯಲ್ಲಿ ಬವೇರಿಯಾ ಬಗ್ಗೆ ಒಂದು ಗಂಟೆ ಚರ್ಚೆ ಆಗಿದ್ದು ಯಾರಿಗಾದ್ರೂ ನೆನಪಿದ್ರೆ ಹೇಳಿ.

ಕಡತ ಕಟ್ಟು ರಿಟೈರ್ಡ್:

ಶಿವು ಅವರ ಮೂರನೇ ಪ್ರಶ್ನೆ ಹಾಗೇ ಉಳೀತು, ತುಮಕೂರು ಜಿಲ್ಲೆದು. ನೇರವಾಗಿ ಹೇಳ್ತೀನಿ, ಜಿಲ್ಲೆಗೆ ಜಿಲ್ಲೆ ಅಂತ ಹೋಗಬೇಡಿ. ನಿಮ್ಮ ಕಡೆ ಜಿಲ್ಲೆಗೆ ಚುನಾಯಿತ ಮುಖ್ಯಸ್ಥರು, ಅವರದ್ದೇ ದುಡ್ಡು, ಅವರದ್ದೇ ಸಿಬ್ಬಂದಿ. ನಮ್ಮಲ್ಲಿ ಡಿಸಿ ಸಾಹೇಬ್ರು ಎರಡು ವರ್ಷಕ್ಕೆ ಬದಲಾಗ್ತಾರೆ, ಕೆಲವು ಸಲ ಅದಕ್ಕೂ ಮೊದಲೇ. ಅವರಿಗೆ ಹೊರದೇಶದ ಜಿಲ್ಲೆ ಜೊತೆ ಸಹಿ ಹಾಕೋ ಅಧಿಕಾರನೂ ಇಲ್ಲ, ಹಾಕಬೇಕು ಅಂದ್ರೆ ಕಡತ ಬೆಂಗಳೂರಿಗೆ ಬಂದು ದೆಹಲಿಗೆ ಹೋಗ್ಬೇಕು.

ಅದರ ಬದಲು ಸ್ವಾಯತ್ತ ಆಗಿ ನಡೆಯೋ ಒಂದು ಸಂಸ್ಥೆ ಹಿಡೀರಿ, ಕಾಲೇಜೋ ಆಸ್ಪತ್ರೆಯೋ ತೆಂಗು ಬೆಳೆಗಾರರ ಕಂಪನಿಯೋ. ತಿಪಟೂರು ಅಂದ್ರೆ ಕೊಬ್ಬರಿ, ಅದು ನಿಮಗೆ ನಾನು ಹೇಳಬೇಕಾಗಿಲ್ಲ. ಅಲ್ಲಿ ಒಂದು ಕಾಲೇಜಿಗೂ ಎರ್ಲಾಂಗನ್ ಕಡೆಯ ಒಂದು ಕಾಲೇಜಿಗೂ ಹತ್ತು ಹುಡುಗರು ಹೋಗಿ ಬರೋ ಹಾಗೆ ಮಾಡಿ, ನಾಲ್ಕೈದು ವರ್ಷ ನಡೀಲಿ. ಬೆಂಗಳೂರಿನ ಬವೇರಿಯಾ ಆಫೀಸಿಗೆ ಮೊದಲ ದಿನದಿಂದಲೇ ಒಂದು ಪ್ರತಿ ಕಳಿಸ್ತಾ ಇರಿ, ಅವರಿಗೂ ವರ್ಷದ ಕೊನೆಗೆ ವರದಿಯಲ್ಲಿ ಬರೆಯೋಕೆ ಏನಾದ್ರೂ ಬೇಕಿರತ್ತೆ. ಸರ್ಕಾರದವರನ್ನ ಉದ್ಘಾಟನೆಗೆ ಕರೀರಿ, ಬೇಡ ಅನ್ನಲ್ಲ, ಆದರೆ ನಡೆಸೋ ಜವಾಬ್ದಾರಿ ಕೊಡಬೇಡಿ.

ಮ್ಯೂನಿಕ್ ಮಲ್ನಾಡು:

ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಈ ಕಡೆ ಬಾನ್‌ನಲ್ಲಿ ಎಂಗೇಜ್‌ಮೆಂಟ್ ಗ್ಲೋಬಲ್ ಅಂತ ಸಂಸ್ಥೆ ಇದೆ, ಜರ್ಮನಿಯ ಊರು ಜಿಲ್ಲೆಗಳು ಏಷ್ಯಾ ಆಫ್ರಿಕಾ ಕಡೆಯ ಊರುಗಳ ಜೊತೆ ಕೆಲ್ಸ ಮಾಡೋದಕ್ಕೆ ಸಲಹೆ, ಧನಸಹಾಯ ಎಲ್ಲ ಅಲ್ಲಿ ಸಿಗತ್ತೆ. ಅರ್ಜಿ ಹಾಕ್ಬೇಕಾದ್ದು ಇಲ್ಲಿನ ಪುರಸಭೆ, ನೀವಲ್ಲ. ಹಾಗಾಗಿ ಎರ್ಲಾಂಗನ್ ಊರಿನ ಆಫೀಸಲ್ಲಿ ಜೊತೆ ಊರುಗಳ ವಿಷ್ಯ ನೋಡ್ಕೊಳ್ಳೋರು ಯಾರು ಅಂತ ಮೊದ್ಲು ಪತ್ತೆ ಮಾಡಿ. ರೆನ್, ಯೇನಾ ಜೊತೆ ಅಷ್ಟು ವರ್ಷದಿಂದ ನಡೆಸ್ತಿದಾರೆ ಅಂದ್ಮೇಲೆ ಹೆಂಗೆ ಮಾಡೋದು ಅಂತ ಅವ್ರಿಗೆ ಗೊತ್ತಿರತ್ತೆ. ಹೋಗೋವಾಗ ದೊಡ್ಡ ಪ್ಲಾನ್ ಏನೂ ತಗೊಂಡು ಹೋಗ್ಬೇಡಿ, ಒಂದು ಪುಟ ಸಾಕು.

ಹುಬ್ಳಿ ಗಿರ್ಮಿಟ್:

ಕಾಲೇಜಂತ ಹೊಂಟ್ರ ನಂದೇನು ಅಡ್ಡಿ ಇಲ್ರಿ. ಆದ್ರ ಶಿವು ಅವರ, ಉದ್ಘಾಟನೆಕ್ಕ ಮಂತ್ರಿ ಕರದ್ರ ಅವರ ಜೋಡಿ ಇಪ್ಪತ್ತು ಮಂದಿ ಬರ್ತಾರ, ಟಿಕೆಟ್ ಯಾರು ತಗಸ್ತಾರ ಅದನ್ನ ಮೊದಲ ಬರದು ಇಟ್ಕೋರಿ.

ಎರ್ಲಾಂಗನ್ ಶಿವು:

ಹ್ಹಹ್ಹ ಗಿರ್ಮಿಟ್ ಅಣ್ಣ, ನಮ್ಮ ಗುಂಪಿನ ಫಂಡಲ್ಲಿ ಹಾಲ್ ಬಾಡಿಗೆ ಕಟ್ಟಿದ್ಮೇಲೆ ಉಳಿಯೋದು ಬಿಸಿಬೇಳೆಬಾತ್ ಸಾಮಾನಿಗೇ ಸರಿಹೋಗತ್ತೆ, ಮಂತ್ರಿಗಳ ಮಾತೇ ಇಲ್ಲ.

ಎಲ್ರಿಗೂ ಥ್ಯಾಂಕ್ಸ್. ಜಿಲ್ಲೆ ಐಡಿಯಾ ಕೈಬಿಟ್ವಿ. ತಿಪಟೂರಲ್ಲಿ ನಾನು ಓದಿದ ಕಾಲೇಜಿನ ಮೇಷ್ಟ್ರು ಒಬ್ರು ಇನ್ನೂ ಸರ್ವಿಸಲ್ಲಿದಾರೆ, ಅವ್ರಿಗೆ ಫೋನ್ ಮಾಡಿ ಕೇಳ್ದೆ, ಆಗ್ಲಿ ಪ್ರಿನ್ಸಿಪಾಲ್ ಹತ್ರ ಮಾತಾಡ್ತೀನಿ ಅಂದಿದಾರೆ. ಹೋಫ್‌ಗೂ ಒಂದು ಮೇಲ್ ಹಾಕಿದೀನಿ. ಪುರಸಭೆ ಆಫೀಸಲ್ಲಿ ಯಾರನ್ನ ನೋಡ್ಬೇಕು ಅಂತ ಮಂಗಳವಾರ ಹೋಗಿ ಕೇಳ್ತೀನಿ. ಬಂಗುಡೆ ಸರ್, ಅಯೋವಾದ ಆ ಸಂಸ್ಥೆ ವಾಲಂಟಿಯರ್‌ಗಳನ್ನ ಹೆಂಗೆ ಸೇರಿಸ್ಕೊಳ್ಳತ್ತೆ, ಮೆಂಬರ್‌ಶಿಪ್ ಫೀಸ್ ಥರ ಏನಾದ್ರೂ ಇದ್ಯಾ, ಅದೊಂದು ಗೊತ್ತಿದ್ರೆ ಬರೀತೀರಾ?